ಗುಂಜಿ, ನಲವತ್ತೆರಡು ಪಾಯಿಂಟ್ ಆರು

ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಕಲ್ಮೇಶನಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಮರುಗಳಿಗೆಯೇ ನಾಚಿಕೆಯಾಯಿತು. ಇಂಥ ಕೆಲಸಕ್ಕೆ ಹೊರಟವನು ನಿಂತೇ ಹೋಗಬೇಕಿತ್ತು. ಬಸ್ಸು ಬೆಳಗಾವಿ ದಾಟಿ ಪಿರನವಾಡಿಯ ಹತ್ತಿರ ಬಂದಾಗ ಒಬ್ಬ ಮುದುಕ ಹತ್ತಿ ಅವನ ಪಕ್ಕದಲ್ಲೇ ನಿಂತ. ಕಲ್ಮೇಶ ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟ. ಮುದುಕ ಮುಂದಿನ ಸ್ಟಾಪಿನಲ್ಲೇ ಇಳಿಯುವವನಂತೆ, ಬೇಡವೆಂದ. ಮತ್ತೆ ಕೂರುವುದೋ ಬೇಡವೋ ತಿಳಿಯದೆ ಅರೆ ಬಗ್ಗಿ ನಿಂತಿದ್ದಾಗ ಕಂಡಕ್ಟರ್ ಬಂದು, ಕೂತರೆ ಕೂತುಕೋ, ಇಲ್ಲದಿದ್ದರೆ ದಾರಿ ಬಿಡು ಎಂದ. ಕೂತ. ತೊಡೆಯ ಮೇಲಿನ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಫೈಲಿತ್ತು, ಫೈಲಿನಲ್ಲಿ ಒಂದೇ ಹಾಳೆ. ಅದನ್ನು ನಿನ್ನೆ ಮಧ್ಯಾಹ್ನ ಅವನೇ ಟೈಪು ಮಾಡಿದ್ದ. ಮಳೆ ಲೆಕ್ಕದ ಕಚೇರಿಯ ಗಜಾನನ ಸಾಹೇಬರು ಅವನ ಕುರ್ಚಿಯ ಹಿಂದೆ ನಿಂತು ಹೇಳುತ್ತಿದ್ದರು: ಗುಂಜಿಯ ಮಳೆಮಾಪಕ ನೋಡಿಕೊಳ್ಳುವ ಸಾತವ್ವ ಆದ ನಾನು, ಜುಲೈ ಹತ್ತರಿಂದ ಹದಿನಾರರವರೆಗೆ ಏಳು ದಿನ ಅಳತೆ ಮಾಡದೆ, ಮನೆಯಲ್ಲಿಯೇ ಕುಳಿತು ಒಂದೇ ಅಂಕಿಯನ್ನು ಕಳಿಸಿರುತ್ತೇನೆ, ಇದಕ್ಕಾಗಿ ಕ್ಷಮೆ ಕೋರುತ್ತೇನೆ. ಸಾಹೇಬರು 'ಕುಂತು' ಎಂದಿದ್ದನ್ನು ಇವನು 'ಕುಳಿತು' ಎಂದು ತಿದ್ದಿದ್ದ. ತಿದ್ದಿದಾಗ ಮನಸ್ಸಿನಲ್ಲಿ ಒಂದು ಸಣ್ಣ ಹೆಮ್ಮೆ ಹಾದುಹೋಗಿತ್ತು. ಆ ಹೆಮ್ಮೆ ಈಗ ಬಸ್ಸಿನಲ್ಲಿ ನೆನಪಾಗಿ, ಯಾರೋ ತಿಂದ ಎಂಜಲು ಬಾಯಿಗೆ ಬಂದಂತಾಯಿತು. ಹೆಂಗಸಿನ ಸಹಿ ತಗೊಂಡು ಬಾ, ಅಳತೆ ಗ್ಲಾಸು, ಮಳಿ ಬರಿಯೂ ದಫ್ತರ ಇಸಗೊಂಡು ಬಾ, ಕಡತ ಮುಗೀತದ ಎಂದು ಸಾಹೇಬರು ಹೇಳಿದ್ದರು. ಸಹಿ ಮಾಡದಿದ್ದರೆ ಆಕೆ ಅಡುಗೆ ಮಾಡುವ ಶಾಲೆಗೂ ಒಂದು ಕಾಗದ ಹೋಗುತ್ತದೆ ಎಂದೂ ತಿಳಿಸಲು ಹೇಳಿದ್ದರು.

ಸುಳ್ಳು ಅಂಕಿ ಕಳಿಸಿದವಳು ಸಾತವ್ವ ಅಲ್ಲ. ಅದು ಗೊತ್ತಿದ್ದವನು ಇಡೀ ಜಗತ್ತಿನಲ್ಲಿ ಕಲ್ಮೇಶ ಒಬ್ಬನೇ.

ಜಿಲ್ಲೆಯ ಮೂವತ್ತೊಂದು ಕಡೆಗಳಿಂದ ಬೆಳಿಗ್ಗೆ ಎಂಟೂವರೆಗೆ ಮಳೆಯ ಅಳತೆ ಮೊಬೈಲ್ ಸಂದೇಶವಾಗಿ ಕಚೇರಿಗೆ ಬರುತ್ತದೆ. ಒಂಬತ್ತಕ್ಕೆ ಎಲ್ಲ ಊರುಗಳ ಅಂಕಿಗಳ ಪಟ್ಟಿ, ಅಂದರೆ ತಖ್ತೆ, ಮೇಲಿನ ಕಚೇರಿಗೆ ಹೋಗಬೇಕು. ಒಂದೊಂದೇ ಸಂದೇಶ ನೋಡಿ ಕೈಯಿಂದ ತುಂಬಿಸುತ್ತಿದ್ದ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸುತ್ತೇನೆಂದು ಕಲ್ಮೇಶ ತಾನಾಗಿಯೇ ಮುಂದೆ ಬಂದಿದ್ದ. ಅವನ ಗುತ್ತಿಗೆ ಆಗಸ್ಟಿಗೆ ಮುಗಿಯುವುದಿತ್ತು. ಹತ್ತಿಪ್ಪತ್ತು ಸಾಲು ಆಜ್ಞೆಗಳನ್ನು ಬರೆದು ಒಂದು ಕಡತದಲ್ಲಿಟ್ಟ. ಅದನ್ನು ಓಡಿಸಿದರೆ ಕಪ್ಪು ಪರದೆಯ ಮೇಲೆ ಊರಿನ ಹೆಸರು, ಅದರ ಮುಂದೆ ಅಂಕಿ, ಸಾಲುಸಾಲಾಗಿ ಇಳಿಯುತ್ತಿದ್ದವು, ಹಾಗೆಯೇ ತಖ್ತೆಗೆ ಸೇರುತ್ತಿದ್ದವು. ಗುಂಜಿ ಮಾತ್ರ ಖಾಲಿ ಬರುತ್ತಿತ್ತು. ಉಳಿದವರು ಊರು ಮತ್ತು ಅಂಕಿ ಇಷ್ಟನ್ನೇ ಕಳಿಸಿದರೆ ಸಾತವ್ವ ಅದರ ಜೊತೆ ನಸುಕಿನಲ್ಲಿ ಗುಡುಗಿತು, ಪಡುವಲ ಗಾಳಿ ಇತ್ತು, ಮಾಪಕದಲ್ಲಿ ಒಂದು ಎಲೆ ಬಿದ್ದಿತ್ತು ತೆಗೆದೆ, ಎಂದೆಲ್ಲ ಬರೆಯುತ್ತಿದ್ದಳು. ಆ ಮಾತುಗಳ ನಡುವೆ ಅಂಕಿ ಎಲ್ಲಿದೆ ಎಂದು ಅವನ ಆಜ್ಞೆಗಳಿಗೆ ಹುಡುಕಲು ಬರುತ್ತಿರಲಿಲ್ಲ. ಹತ್ತನೇ ತಾರೀಖು ಬೆಳಿಗ್ಗೆ ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ಗಜಾನನ ಸಾಹೇಬರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಅಧಿಕಾರಿಗಳ ಜೀಪು ಗೇಟಿನೊಳಗೆ ತಿರುಗಿದಾಗ ಕಲ್ಮೇಶ ಗುಂಜಿಯ ಸಂದೇಶ ಓದುವ ಸಾಲನ್ನು ತೆಗೆದು ಅಲ್ಲಿ ಎಕೋ ಎಂದು ಬರೆದು, ಮುಂದೆ 'ಗುಂಜಿ 42.6' ಎಂದು ತುಂಬಿದ. ಕಂಪ್ಯೂಟರಿಗೆ ಹೇಳುವ ಆಜ್ಞೆಗಳಲ್ಲಿ ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ಅದರ ಮುಂದೆ ಏನು ಬರೆದರೆ ಅದನ್ನೇ ಪರದೆಯ ಮೇಲೆ ತೋರಿಸುತ್ತದೆ, ಅಷ್ಟೇ. ಕಾಲೇಜಿನ ಮೊದಲ ದಿನ ಎಲ್ಲ ಹುಡುಗರೂ ತಮ್ಮ ತಮ್ಮ ಹೆಸರು ತೋರಿಸಿ ನೋಡಿದ್ದರು, ಒಬ್ಬ ತನ್ನನ್ನು ರಾಜನೆಂದು ಬರೆದಿದ್ದ, ಕಂಪ್ಯೂಟರು ಹೌದೆಂದಿತ್ತು. ನಲವತ್ತೆರಡು ಪಾಯಿಂಟ್ ಆರು ಎಲ್ಲಿಂದ ಬಂತೋ ಅವನಿಗೆ ಈಗಲೂ ಗೊತ್ತಿಲ್ಲ. ದುಂಡು ಅಂಕಿಯಾಗಿರಬಾರದು, ಮಳೆಯ ಅಂಕಿಯಂತೆ ಕಾಣಬೇಕು ಎಂದು ಒಂದು ಕ್ಷಣ ಯೋಚಿಸಿದ್ದು ಮಾತ್ರ ನೆನಪಿದೆ. ಅಧಿಕಾರಿಗಳು ಮೂವತ್ತೊಂದು ಸಾಲುಗಳನ್ನು ನೋಡಿ ತಲೆಯಾಡಿಸಿದರು. ಸಾಹೇಬರು ಅವನ ಭುಜ ತಟ್ಟಿದರು. ಆ ಸಾಲನ್ನು ತೆಗೆಯಬೇಕೆಂಬುದನ್ನು ಅವನು ಮರೆತ.

ಹದಿನಾಲ್ಕನೇ ತಾರೀಖು ಪಕ್ಕದ ಮೇಜಿನ ತರನ್ನುಮ ತಖ್ತೆಯನ್ನು ನೋಡಿ, ನಿಮ್ಮ ಗುಂಜಿಯ ಮಳೆಗೆ ಸರಕಾರಿ ನೌಕರಿ ಸಿಕ್ಕೇತೇನೋ, ದಿನಾ ಅಷ್ಟಕ್ಕಷ್ಟ ಕೆಲಸ ಮಾಡತೈತಿ ಎಂದಿದ್ದಳು. ಅವನು ಮಾತು ಒಳಗಿಳಿಯದೆ, ತಲೆ ಎತ್ತದೆ ನಕ್ಕಿದ್ದ. ಹದಿನೇಳರಂದು ಬೆಳಿಗ್ಗೆ, ಆ ದಿನದ ತಖ್ತೆ ಹೋಗುವ ಮೊದಲೇ, ಮೇಲಿನ ಕಚೇರಿಯವರೂ ಅದನ್ನೇ ಕೇಳಿದರು, ಆದರೆ ನಗದೆ. ಸಾಹೇಬರು ಫೋನಿನಲ್ಲಿ ಹೌದು ಸರ್, ಹೌದು ಸರ್ ಎನ್ನುತ್ತಿದ್ದಾಗಲೇ ಕಲ್ಮೇಶ ಆಜ್ಞೆಗಳ ಕಡತವನ್ನು ತೆರೆದ. ಸಾಲು ಅಲ್ಲೇ ಇತ್ತು. ಅದನ್ನು ಅಳಿಸಿ, ಮಾತುಗಳ ನಡುವಿನಿಂದ ಅಂಕಿಯನ್ನಷ್ಟೇ ಹೆಕ್ಕುವ ಸಾಲೊಂದನ್ನು ಬರೆದ. ಹತ್ತು ನಿಮಿಷವೂ ಹಿಡಿಯಲಿಲ್ಲ. ಅಂದಿನಿಂದಲೇ ಗುಂಜಿಯ ನಿಜವಾದ ಅಂಕಿಗಳು ಬರತೊಡಗಿದವು, ಬೇರೆ ಬೇರೆ ಅಂಕಿಗಳು. ಸಾಹೇಬರಿಗೆ ಅದೇ ಸಾಕ್ಷಿಯಾಯಿತು. ಕೇಳಿದ ಕೂಡಲೇ ಮಳಿ ಬದಲಾತು ನೋಡು, ಇಷ್ಟ ದಿವಸ ಮನ್ಯಾಗ ಕುಂತಿದ್ಲು ಎಂದರು. ಸಾತವ್ವನ ಹಳೆಯ ಸಂದೇಶಗಳು ಕಚೇರಿಯ ಮೊಬೈಲಿನಲ್ಲಿ ಹತ್ತು ದಿನ ಇರುತ್ತವೆ, ಆಮೇಲೆ ತಾವಾಗಿಯೇ ಅಳಿಯುತ್ತವೆ. ನೋಡಲು ಬರುತ್ತದೇನು ಎಂದು ಸಾಹೇಬರು ಕೇಳಿದಾಗ ಅವನು, ಹೋಗಿರ್ತಾವ್ರಿ ಎಂದ. ಹೋಗಿರಲಿಲ್ಲ. ಹತ್ತೊಂಬತ್ತರಂದು ಆಕೆಯನ್ನು ತೆಗೆದುಹಾಕುವ ಪತ್ರವನ್ನು ಅವನೇ ಟೈಪು ಮಾಡಿದ, ಸಂದೇಶಗಳು ಆಗಲೂ ಮೇಜಿನ ಮೇಲಿನ ಮೊಬೈಲಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿದ್ದವು. ಆಮೇಲೆ ದಿನಕ್ಕೊಂದರಂತೆ ಅಳಿಯುತ್ತ ಹೋದವು. ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿರುವುದಷ್ಟೇ ಸಾಕಾಗಿತ್ತು, ಸುಮ್ಮನಿರುವುದು ಇಷ್ಟು ದಣಿಸುವ ಕೆಲಸವೆಂದು ಅವನಿಗೆ ಮೊದಲು ತಿಳಿದಿರಲಿಲ್ಲ.

ಖಾನಾಪುರದಲ್ಲಿ ಬಸ್ಸು ಬದಲಿಸಿ ಗುಂಜಿಯಲ್ಲಿ ಇಳಿದಾಗ ಹನ್ನೆರಡಾಗಿತ್ತು. ಮಳೆ ನಿಂತಿತ್ತು. ಪಾನಂಗಡಿಯೊಂದರಲ್ಲಿ ಮೂವರು ಮರಾಠಿಯಲ್ಲಿ ಮಾತಾಡುತ್ತಿದ್ದವರು ಅವನನ್ನು ಕಂಡು ಮಾತು ನಿಲ್ಲಿಸಿದರು. ಮಳೆ ಅಳೆಯುವ ಸಾತವ್ವ ಎಲ್ಲಿ ಸಿಗುತ್ತಾಳೆಂದು ಕೇಳಿದ.

"ಯಾರು, ನಲವತ್ತೆರಡು ಸಾತವ್ವನ?" ಅಂಗಡಿಯ ರಾಯಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದ. "ಸಾಲ್ಯಾಗ ಅದಾಳ ನೋಡ್ರಿ. ಇವತ್ತ ಮಳಿ ಎಷ್ಟಾತು ಅಂತ ಕೇಳಬ್ಯಾಡ್ರಿ ಮತ್ತ, ನಿಮಗೂ ಅಷ್ಟ ಹೇಳ್ಯಾಳು."

ಉಳಿದಿಬ್ಬರು ನಕ್ಕರು. ಕಲ್ಮೇಶನ ಮುಖವೂ ಅವರ ಜೊತೆ ನಕ್ಕಿತು. ಹತ್ತು ಹೆಜ್ಜೆ ನಡೆದ ಮೇಲೂ ತುಟಿಗಳು ಹಾಗೆಯೇ ಅಗಲವಾಗಿದ್ದವು, ಕೈಯಿಂದ ಒರೆಸಿಕೊಂಡ. ಕಾಲೇಜಿನಲ್ಲಿ ಒಮ್ಮೆ ಗೆಳೆಯನೊಬ್ಬ ಮಾಡದ ತಪ್ಪಿಗೆ ಬಯ್ಯಿಸಿಕೊಳ್ಳುತ್ತಿದ್ದಾಗಲೂ ಈ ಮುಖ ಹೀಗೆಯೇ ನಕ್ಕಿತ್ತು. ತನಗಿಂತ ಮೊದಲೇ ತನ್ನ ಮುಖ ಯಾರ ಕಡೆ ನಿಲ್ಲಬೇಕೆಂದು ನಿರ್ಧರಿಸಿಬಿಡುತ್ತದೆ, ತಾನು ಹಿಂದಿನಿಂದ ಹೋಗಿ ಸೇರಿಕೊಳ್ಳುತ್ತೇನೆ ಎನಿಸಿತು. ಕಾಡಿನ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಪಡುವಲ ಗಾಳಿ ಎಂದು ಆಕೆ ಬರೆಯುತ್ತಿದ್ದುದು ಇದನ್ನೇ ಇರಬೇಕು. ಆ ಮಾತುಗಳನ್ನೆಲ್ಲ ಅವನು ಕಸವೆಂದು ತಿಳಿದು, ಕಸ ತೆಗೆಯುವ ಸಾಲು ಎಂದೇ ಆ ಆಜ್ಞೆಗೆ ಹೆಸರಿಟ್ಟಿದ್ದ.

ಸಾತವ್ವ ಐವತ್ತು ದಾಟಿದ, ಗಟ್ಟಿ ಮೈಯ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಿದ್ದಳು. ಕಚೇರಿಯಿಂದ ಬಂದಿದ್ದೇನೆ ಎಂದಾಗ ಸೌಟು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು, ಅಷ್ಟೇ. ಕುಂದರ್ರಿ ಸರ್, ಹುಡುಗೋರ ಊಟ ಆಗ್ಲಿ ಎಂದಳು. ಅವನಿಗೂ ಒಂದು ತಟ್ಟೆ ಇಟ್ಟಳು. ಬೇಡವೆನ್ನಲು ಬಾಯಿ ತೆರೆದವನು ಅನ್ನ ಸಾರನ್ನು ಪೂರ್ತಿ ಉಂಡ. ಎರಡನೆಯ ಸಲ ಬಡಿಸಿದಾಗಲೂ ಉಂಡ. ಹಸಿವಾಗಿತ್ತು, ಹಸಿವಾದದ್ದು ಅಸಹ್ಯವೆನಿಸಿತು. ಊಟ ಮುಗಿದ ಮೇಲೆ ಅವಳು ಕೈತೊಳೆದು ಅವನನ್ನು ಹಿತ್ತಲಿಗೆ ಕರೆದೊಯ್ದಳು. ತಂತಿ ಬೇಲಿಯ ಒಂದು ಚೌಕ, ನಡುವೆ ಮಳೆಮಾಪಕದ ಡಬ್ಬಿ. ಸುತ್ತ ಹುಲ್ಲನ್ನು ಅಂಗೈ ಅಗಲಕ್ಕೆ ಕತ್ತರಿಸಲಾಗಿತ್ತು. ಒಪ್ಪಿಸಬೇಕಾದ ಗ್ಲಾಸನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ದಫ್ತರವನ್ನು ತೆರೆದು ತೋರಿಸಿದಳು, ಎಲ್ಲ ಸರಿಯಾಗಿದೆಯೋ ನೋಡಿಕೊಳ್ಳಿ ಎಂಬಂತೆ. ಅವಳನ್ನು ತೆಗೆದುಹಾಕಿದ ಮೇಲೂ ದಿನಗಳು ಮುಂದುವರಿದಿದ್ದವು. ಇಪ್ಪತ್ತು, ಇಪ್ಪತ್ತೊಂದು, ಇಂದಿನ ತನಕ, ಪ್ರತಿ ದಿನದ ಮುಂದೆ ಅಂಕಿ, ಅದರ ಪಕ್ಕ ಷರಾ ಎಂಬ ಟಿಪ್ಪಣಿಯ ಕಾಲಮಿನಲ್ಲಿ ಸಣ್ಣ ಅಕ್ಷರಗಳು. ಯಾರಿಗೂ ಕಳಿಸದ ಅಂಕಿಗಳು. ಯಾಕೆ ಎಂದು ಅವನು ಕೇಳಲಿಲ್ಲ, ಅವಳೇ ಹೇಳಿದಳು: ಮೊದಲು ಹೊಲಕ್ಕೆ ಹೋಗುವವರು ಹಾದಿಯಲ್ಲಿ ನಿಂತು ಎಷ್ಟಾತು ಸಾತವ್ವ ಎಂದು ಕೇಳಿಕೊಂಡು ಹೋಗುತ್ತಿದ್ದರು, ಈಗ ನಗಲು ಕೇಳುತ್ತಾರೆ, ಆದರೂ ಹನ್ನೊಂದು ವರ್ಷದ ರೂಢಿ, ಎಂಟೂವರೆಗೆ ಕಾಲು ತಾವೇ ಇತ್ತ ತಿರುಗುತ್ತವೆ. ಅವನು ಹಾಳೆಗಳನ್ನು ಹಿಂದಕ್ಕೆ ತಿರುವಿದ. ಹತ್ತು, ಮೂವತ್ತೆಂಟು ಪಾಯಿಂಟ್ ಎರಡು. ಹನ್ನೊಂದು, ಎಪ್ಪತ್ತೊಂದು. ಹನ್ನೆರಡು, ಹನ್ನೆರಡು ಪಾಯಿಂಟ್ ನಾಲ್ಕು. ಹದಿನೈದರ ಮುಂದೆ ನೂರಾ ನಾಲ್ಕು ಪಾಯಿಂಟ್ ಎರಡು ಎಂದಿತ್ತು.

"ಅವತ್ತ ಗ್ಲಾಸು ಐದು ಸಲ ತುಂಬೇತ್ರಿ," ಎಂದಳು. "ಇಪ್ಪತ್ತರ ಗ್ಲಾಸು. ತುಂಬಸೂದು, ಚೆಲ್ಲೂದು, ಒಂದೊಂದ ಗೀಟು ಹಾಕ್ಕೋಳೂದು. ಆರನೇ ಸಲಕ್ಕ ನಾಕು ಪಾಯಿಂಟ್ ಎರಡು. ಗೋಣಿ ಕೊಪ್ಪಿ ಹಾಕ್ಕೊಂಡು ನಿಂತಿದ್ದೆ, ಒಂದು ಕೈಲೆ ಗ್ಲಾಸಿನ ಬಾಯಿ ಮುಚ್ಚಿದ್ದೆ, ಮ್ಯಾಲಿನ ನೀರು ಕೂಡಬಾರದಲ್ರಿ."

ಹದಿನೈದನೇ ತಾರೀಖು ಬೆಳಿಗ್ಗೆ ಎಂಟೂವರೆಗೆ ತಾನು ಎಲ್ಲಿದ್ದೆ ಎಂದು ಕಲ್ಮೇಶ ನೆನಪಿಸಿಕೊಂಡ. ಕಚೇರಿಯ ಫ್ಯಾನಿನ ಕೆಳಗೆ ಒದ್ದೆ ಸಾಕ್ಸು ಒಣಗಿಸುತ್ತಿದ್ದ. ತಖ್ತೆ ತಾನಾಗಿಯೇ ತಯಾರಾಗುತ್ತಿತ್ತು.

ಅಡುಗೆಮನೆಗೆ ಮರಳಿ ಬಂದು ಅವನು ಫೈಲಿನಿಂದ ಹಾಳೆಯನ್ನು ತೆಗೆದುಕೊಟ್ಟ. ಹೇಳಬೇಕೆಂದುಕೊಂಡಿದ್ದನ್ನು ಹೇಳಲು ಬಾಯಿ ಬರಲಿಲ್ಲ, ಸಾಹೇಬರು ಹೇಳಲು ಹೇಳಿದ್ದು ಮಾತ್ರ ಸರಾಗವಾಗಿ ಬಂತು. ಸಾತವ್ವ ಬೆಳಕಿಗೆ ತಿರುಗಿ, ಬೆರಳಿಟ್ಟು ಒಂದೊಂದೇ ಪದ ಓದಿದಳು. ಏಳನೆಯ ತರಗತಿವರೆಗೆ ಕಲಿತವಳು. 'ಮನೆಯಲ್ಲಿಯೇ ಕುಳಿತು' ಎಂಬಲ್ಲಿ ಬೆರಳು ನಿಂತಿತು, ಹಿಂದೆ ಹೋಯಿತು, ಮತ್ತೆ ಅಲ್ಲಿಗೆ ಬಂತು.

"ಇದಕ್ಕ ಸಹಿ ಮಾಡಿದ್ರ ಸಾಲಿಗೆ ಕಾಗದ ಬರೂದಿಲ್ಲಲ್ರಿ?"

"ಬರೂದಿಲ್ರಿ."

"ಹಂಗಾರ ಪೆನ್ನ ಕೊಡ್ರಿ. ಸುಳ್ಳ ಬರಿಯಾಕಿ ಕೈಯಾಗ ಹುಡುಗೋರ ಅಡಿಗಿ ಹೆಂಗ ಬಿಡೂದು ಅಂತ ಹೆಡ್ ಮಾಸ್ತರು ಆಗ್ಲೆ ಅಂದಾರ. ಇದೂ ಹೋದ್ರ ನಾ ಊರಾಗ ಹೆಂಗ ತಿರುಗಾಡ್ಲಿ?"

ಅವನು ಪೆನ್ನು ಕೊಟ್ಟ. ಕೊಟ್ಟ ಕೈ ಹಿಂದಕ್ಕೆ ಬರಲಿಲ್ಲ. ಅವಳು ಹಾಳೆಯನ್ನು ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಒದ್ದೆ ಒರೆಸಿ, ಬಗ್ಗಿ, ಸಾ ಎಂದು ಶುರು ಮಾಡುವ ಮೊದಲು ಒಮ್ಮೆ ಗಾಳಿಯಲ್ಲಿ ಬರೆದು ನೋಡಿದಳು. ಅದನ್ನು ನೋಡಲಾಗಲಿಲ್ಲ. ಧೈರ್ಯವಲ್ಲ ಅದು, ಆ ಗಾಳಿಯಲ್ಲಿನ ಸಹಿಯನ್ನು ನಿಲ್ಲಿಸಬೇಕೆಂದಷ್ಟೇ ಅವನಿಗೆ ಅನಿಸಿದ್ದು.

"ಮಾವಶಿ, ಮಾಡಬ್ಯಾಡ್ರಿ. ಆ ನಲವತ್ತೆರಡು ಪಾಯಿಂಟ್ ಆರು ನಾ ಹಾಕಿದ್ದರಿ."

ಅವಳು ಪೆನ್ನಿನ ಟೊಪ್ಪಿಗೆಯನ್ನು ಹಾಕಿದಳು. ಹಾಳೆ ಹಾರದಂತೆ ಮೇಲೆ ಸೌಟು ಇಟ್ಟಳು. ಹೆಂಗ ಎಂದು ಕೇಳಿದಳು, ಅಡುಗೆಯೊಂದನ್ನು ಮಾಡುವ ಬಗೆ ಕೇಳುವವಳಂತೆ. ಅವನು ಅಧಿಕಾರಿಗಳ ಜೀಪಿನಿಂದ ಶುರು ಮಾಡಿ ಹೇಳಿದ. ಒಂದು ಆಜ್ಞೆ ಇದೆ, ಹೇಳಿದ್ದನ್ನು ಹಾಗೆಯೇ ತೋರಿಸುತ್ತದೆ. ನಿಮ್ಮ ಅಂಕಿ ಬರುವ ಜಾಗದಲ್ಲಿ ಅದನ್ನು ಬರೆದೆ, ತೆಗೆಯುವುದನ್ನು ಮರೆತೆ. ನೀವು ಕಳಿಸಿದ್ದು ಬರುತ್ತಲೇ ಇತ್ತು, ಅದನ್ನು ಯಾರೂ ನೋಡಲಿಲ್ಲ. ಅವಳಿಗೆ ಅದು ಅರ್ಥವಾಗಲಾರದೆಂದು ಅವನಿಗೆ ಒಳಗೊಳಗೇ ಆಸೆಯಿತ್ತು.

"ಖರೇ ಯಾವುದು ಸುಳ್ಳ ಯಾವುದು ಅದಕ್ಕ ಗೊತ್ತಾಗೂದಿಲ್ರಿ," ಎಂದ.

"ಅದಕ್ಕ ಗೊತ್ತಾಗೂದಿಲ್ಲ, ಬಿಡು. ನಿನಗ ಯಾವಾಗ ಗೊತ್ತಾತು?"

"ನಿನ್ನೆರಿ."

ಕೇಳಿದ್ದೂ ಹೇಳಿದ್ದೂ ಎಷ್ಟು ಹತ್ತಿರವಾಗಿದ್ದವೆಂದರೆ ನಡುವೆ ಅವನಿಗೆ ಜಾಗವೇ ಇರಲಿಲ್ಲ. ತಡೆಯುವಷ್ಟರಲ್ಲಿ ಮಾತು ಅವಳ ಮುಖವನ್ನು ತಲುಪಿತ್ತು. ಆ ಮುಖ ನಿಧಾನಕ್ಕೆ ಬಿಚ್ಚಿಕೊಂಡಿತು. ಹತ್ತು ದಿನಗಳಿಂದ ಬಿಗಿಹಿಡಿದಿದ್ದ ಗಲ್ಲ ಸಡಿಲವಾಯಿತು.

"ನಿನ್ನೆ ಗೊತ್ತಾತು, ಇವತ್ತ ಓಡಿಬಂದಿ," ಎಂದಳು. "ಬ್ಯಾರೆದಂವ ಆಗಿದ್ರ ಬಾಯಿ ಮುಚ್ಕೊಂಡು ಕುಂದರತಿದ್ದ. ಯಾರ ಮಗನೋ ಯಪ್ಪಾ ನೀ."

ಅವಳು ಹೆಡ್ ಮಾಸ್ತರು ಲಕ್ಷ್ಮಪ್ಪನವರನ್ನು ಕರೆತಂದಳು. ಅವರೆದುರು ಅವನು ಎಲ್ಲವನ್ನೂ ಮತ್ತೆ ಹೇಳಿದ, 'ನಿನ್ನೆ'ಯನ್ನೂ ಹೇಳಿದ. ಎರಡನೆಯ ಸಲ ಅದು ಇನ್ನೂ ಸುಲಭವಾಗಿತ್ತು. ಮಾಸ್ತರು, ಬಾಯಿಮಾತು ಬೇಡ, ದಫ್ತರದಲ್ಲೇ ಬರೆದುಕೊಡು, ತಾರೀಖು ಹಾಕು ಎಂದರು. ಅವನು ಆ ಏಳು ದಿನಗಳ ಷರಾದಲ್ಲಿ ಬರೆದ: ಕಚೇರಿಯ ತಖ್ತೆಯಲ್ಲಿ ಬಂದ 42.6 ಎಂಬ ಅಂಕಿ ಸಾತವ್ವ ಅವರದಲ್ಲ, ನಾನು ಹಾಕಿದ್ದು. ಇದು ನನಗೆ ದಿನಾಂಕ 27ರಂದು ತಿಳಿಯಿತು. ಕಲ್ಮೇಶ. ಮಾಸ್ತರು ಅದನ್ನು ಗಟ್ಟಿಯಾಗಿ ಓದಿದರು, ಅಂಗಳದಲ್ಲಿ ಕೈತೊಳೆಯುತ್ತಿದ್ದ ಹುಡುಗಿಯರಿಗೂ ಕೇಳುವಂತೆ. ಸಾತವ್ವ ದಫ್ತರವನ್ನೂ ಗ್ಲಾಸನ್ನೂ ಅವನ ಕೈಗೆ ಒಪ್ಪಿಸಿದಳು. ಹಾಳೆಯ ನಕಲು ಕೇಳಲಿಲ್ಲ, ಮೊಬೈಲಿನಲ್ಲಿ ಚಿತ್ರ ತೆಗೆಯಿರೆಂದು ಮಾಸ್ತರಿಗೆ ಹೇಳಲಿಲ್ಲ. ಬಸ್ ಸ್ಟಾಪಿನವರೆಗೆ ಬಂದಳು. ಪಾನಂಗಡಿಯ ಮುಂದೆ ಅಗತ್ಯಕ್ಕಿಂತ ನಿಧಾನವಾಗಿ ನಡೆದಳು, ಈ ಕಚೇರಿಯವನು ತನ್ನ ಪಕ್ಕದಲ್ಲಿರುವುದು ಎಲ್ಲರಿಗೂ ಕಾಣಲಿ ಎಂದು.

ಬೆಳಗಾವಿಯವರೆಗೂ ದಫ್ತರ ಅವನ ತೊಡೆಯ ಮೇಲಿತ್ತು. ಒಂದು ಹಾಳೆ ಹರಿಯಲು ಎಷ್ಟು ಹೊತ್ತು ಬೇಕು ಎಂಬ ಯೋಚನೆ ಬರುತ್ತದೆಂದು ಕಾಯುತ್ತಿದ್ದ. ಬಂತು, ಹೋಯಿತು, ಅದು ಅವನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಬೇರೆ. ಹಗುರಾಗಬೇಕಿತ್ತು, ಆಗಿರಲಿಲ್ಲ. ತಪ್ಪು ಒಪ್ಪಿಕೊಂಡವನ ಎದೆ ಹೇಗಿರುತ್ತದೆಂದು ಅವನು ಓದಿದ್ದನೋ ಕೇಳಿದ್ದನೋ, ಹಾಗೆ ಇರಲಿಲ್ಲ. ಯಾರ ಮಗನೋ ಯಪ್ಪಾ ಎಂಬ ಮಾತು ಕಿವಿಯಲ್ಲಿ ನಿಂತು ಬಿಸಿಯಾಗುತ್ತಿತ್ತು. ಮರೆತದ್ದು ತಪ್ಪು, ಆದರೆ ಮರೆವು ಯಾರಿಗಾದರೂ ಬರುತ್ತದೆ, ಅದನ್ನು ಒಪ್ಪಿಕೊಂಡಿದ್ದ. ಹನ್ನೊಂದು ದಿನ ಗೊತ್ತಿದ್ದೂ ಕುಳಿತದ್ದು ಮರೆವಲ್ಲ; ಅದನ್ನು ಜೇಬಿನಲ್ಲಿಟ್ಟುಕೊಂಡು, ಮೇಲಿನಿಂದ ಆಶೀರ್ವಾದವನ್ನೂ ತೆಗೆದುಕೊಂಡು ಬಂದಿದ್ದ.

ಗಜಾನನ ಸಾಹೇಬರು ಐದಾದರೂ ಕಚೇರಿಯಲ್ಲೇ ಇದ್ದರು. ಸಹಿ ಆತೇನು ಎಂದು ಕೇಳಿದರು. ಇಲ್ರಿ ಎಂದು ಅವನು ದಫ್ತರವನ್ನು ಬಿಚ್ಚಿಟ್ಟ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವನು ಕೂಗಾಟಕ್ಕೆ ತಯಾರಾಗಿ ನಿಂತಿದ್ದ. ಸಾಹೇಬರು ದಫ್ತರದಿಂದ ತಲೆಯೆತ್ತಿ ಕೂರು ಎಂದರು. ಎರಡು ಚಹಾ ತರಿಸಿ ಒಂದನ್ನು ಅವನ ಕಡೆ ಸರಿಸಿದರು. ಆ ಹೆಂಗಸಿಗೆ ತಾನು ಫೋನಿನಲ್ಲಿ ಏನೇನೋ ಅಂದಿದ್ದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಅಲ್ಲಿಂದಲೇ ಮಾಸ್ತರರ ನಂಬರಿಗೆ ಫೋನು ಮಾಡಿ ಸಾತವ್ವನನ್ನು ಕರೆಸಿದರು. ತಪ್ಪು ಕಚೇರಿಯದು, ಮೇಲಿನವರಿಗೂ ಹಾಗೆಯೇ ಬರೆಯುತ್ತೇನೆ, ನಾಡಿದ್ದಿನಿಂದ ಅಂಕಿ ಕಳಿಸಬೇಕು, ದಫ್ತರ ಗ್ಲಾಸು ನಾಳೆ ಬೆಳಗಿನ ಬಸ್ಸಿಗೆ ವಾಪಸ್ ಬರುತ್ತವೆ ಎಂದರು. ಆ ಕಡೆಯಿಂದ ಅವಳು ಏನೋ ಹೇಳಿದಳು. ಸಾಹೇಬರು ಕಲ್ಮೇಶನ ಕಡೆ ನೋಡಿ ನಕ್ಕು, ಹೂಂ, ಹೇಳತೇನಿ ಎಂದರು.

"ನಿನ್ನ ಬೈಬ್ಯಾಡ್ರಿ ಅಂತಾಳ," ಎಂದರು ಫೋನು ಇಟ್ಟು. "ತಪ್ಪು ಎಲ್ಲಾರೂ ಮಾಡತಾರ. ನಿನ್ನೆ ಗೊತ್ತಾಗಿ ಇವತ್ತ ಹೋಗಿ ಒಪ್ಪಿಕೊಂಡ್ಯಲ್ಲ, ಅದು ದೊಡ್ಡದು. ಗುತ್ತಿಗಿ ಸಲುವಾಗಿ ಹೆದರಬ್ಯಾಡ. ಇಂಥಾ ಮನಶಾನ ನಾ ಬಿಡೂದಿಲ್ಲಂತ ಬರೀತೀನಿ. ಚಹಾ ಕುಡಿ."

ಹಬೆ ಏಳುತ್ತಿತ್ತು. ಎಲ್ಲವೂ ಸರಿಹೋಗಿತ್ತು. ಸಾತವ್ವನ ಹೆಸರು ಅವಳಿಗೆ ಸಿಕ್ಕಿತ್ತು, ಅವನ ನೌಕರಿ ಅವನಿಗೆ. ಅವನು ಕಪ್ಪಿನ ಕಿವಿಗೆ ಬೆರಳು ಹಾಕಿದ. ದಫ್ತರ ಇಬ್ಬರ ನಡುವೆ ತೆರೆದೇ ಇತ್ತು, ಮೂವತ್ತೆಂಟು ಪಾಯಿಂಟ್ ಎರಡು, ಎಪ್ಪತ್ತೊಂದು, ಪಕ್ಕದಲ್ಲಿ ಅವನ ಅಕ್ಷರ. ನಾಳೆ ಇದು ಗುಂಜಿಗೆ ಹೋಗುತ್ತದೆ. ಅವಳು ಬೆರಳಿಟ್ಟು ಮತ್ತೆ ಓದುತ್ತಾಳೆ, ಕೇಳಿದವರಿಗೆಲ್ಲ ತೋರಿಸುತ್ತಾಳೆ. ಹನ್ನೊಂದು ವರ್ಷದಲ್ಲಿ ಈ ದಫ್ತರದೊಳಗೆ ಬಂದ ಸುಳ್ಳು ಅಂಕಿ ಇದೊಂದೇ, ಇಪ್ಪತ್ತೇಳು. ಅದನ್ನೂ ಅವನೇ ಹಾಕಿದ್ದ, ಈ ಸಲ ಯಾವ ಯಂತ್ರವೂ ನಡುವೆ ಇರಲಿಲ್ಲ. ಎರಡನ್ನು ಒಂದು ಮಾಡಲು ಒಂದು ಗೆರೆ ಎಳೆದರೂ ಸಾಕಿತ್ತು, ಯಾರಿಗೂ ತಿಳಿಯದಂತೆ. ಆದರೆ ದಫ್ತರದಲ್ಲಿ ಅಂಕಿಯ ಮೇಲೆ ಅಂಕಿ ಬರೆಯುವಂತಿಲ್ಲ. ಹಳೆಯದು ಕಾಣುವಂತೆ ಒಂದೇ ಗೀಟು ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಅವನು ಕಪ್ಪನ್ನು ಬಿಟ್ಟು ಸಾಹೇಬರ ಮೇಜಿನ ಪೆನ್ನನ್ನು ತೆಗೆದುಕೊಂಡ. 27ರ ಮೇಲೆ ಗೀಟು ಹೊಡೆದ. 17 ಎಂದು ಬರೆದ. ಸಹಿ ಹಾಕಿ ದಫ್ತರವನ್ನು ಅವರ ಕಡೆ ತಿರುಗಿಸಿದ.

ಸಾಹೇಬರು ನೋಡಿದರು. ಮೊದಲು ತಿಳಿಯಲಿಲ್ಲ. ಆಮೇಲೆ ಹೆಬ್ಬೆರಳು ಒಂದೊಂದೇ ಬೆರಳಿನ ಗೆಣ್ಣು ಮುಟ್ಟುತ್ತ ಹೋಯಿತು, ಹದಿನೇಳು, ಹದಿನೆಂಟು, ಅಲ್ಲಿಂದ ಮುಂದಿನ ಗೆಣ್ಣಿನಲ್ಲಿ ನಿಂತಿತು.

"ಹತ್ತೊಂಬತ್ತಕ್ಕ ಆಕಿನ್ನ ತಗದ ಪತ್ರ ಹೋತು," ಎಂದರು. "ಅದನ್ನ ಟೈಪ್ ಮಾಡಿದವರು ಯಾರು?"

"ನಾನರಿ."

ಸಾಹೇಬರು ಕೈ ಚಾಚಿ, ಅವನ ಮುಂದಿದ್ದ ಚಹಾದ ಕಪ್ಪನ್ನು ನಿಧಾನವಾಗಿ, ತುಳುಕದಂತೆ, ತಮ್ಮ ಕಡೆ ಎಳೆದುಕೊಂಡರು.